ಕಲಿಯುವ ಕೈಗೆ ಕಠಿಣ ಕಣ್ಣು ಏಕೆ?

ಮುಶಿಗೇರಿ ನನ್ನ ಹುಟ್ಟೂರು. ಈಗ ಅದು ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿಗೆ ಸೇರಿದೆ. ನಾನು ಶಾಲೆಗೆ ಹೋಗುತ್ತಿದ್ದಾಗ ಧಾರವಾಡ ಜಿಲ್ಲೆ, ರೋಣ ತಾಲ್ಲೂಕು. ಎರೆಮಣ್ಣಿನ ಹೊಲ, ಹಿಂಗಾರಿ ಜೋಳ, ಕಡಲೆ. ಮಳೆ ಬಂದರೆ ಬೆಳೆ, ಬಾರದಿದ್ದರೆ ಗುಳೆ. ಸಂಜೆ ಕಟ್ಟೆಯ ಮೇಲೆ ಕೂರುತ್ತಿದ್ದ ಹಿರಿಯರಲ್ಲಿ ಕೆಲವರ ಕಣ್ಣಪಾಪೆ ಮಜ್ಜಿಗೆಯಂತೆ ಬೆಳ್ಳಗಾಗಿರುತ್ತಿದ್ದುದು ಇಂದಿಗೂ ನೆನಪಿದೆ. ‘ಮೋತಿಬಿಂದು ಬಂದೈತಿ, ಹಣ್ಣಾಗಲಿ, ಆಮ್ಯಾಲ ತಗಸೂಣು’ ಎನ್ನುತ್ತಿದ್ದರು. ಹಣ್ಣಾಗುವುದೆಂದರೆ ಎದುರಿಗೆ ನಿಂತ ಮೊಮ್ಮಗನ ಮುಖ ಕಾಣದಂತಾಗುವುದು. ಅಲ್ಲಿಯವರೆಗೆ ಕಾಯುವುದೇ ವಾಡಿಕೆಯಾಗಿತ್ತು. ಮುಂದೆ ನಾನು ಕಣ್ಣಿನ ವೈದ್ಯನಾದೆ. ಹಾಗೆ ಹಣ್ಣಾದ ಕಣ್ಣುಗಳ ಮೇಲೆಯೇ ನನ್ನ ಕೈ ಪಳಗಿತು. ಈಗ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿರುವ ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಆ ಪಳಗುವಿಕೆಯ ಬೆಲೆಯನ್ನು ಯಾರು ತೆತ್ತರು ಎಂಬುದನ್ನು.

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಸ್ನಾತಕೋತ್ತರ ವ್ಯಾಸಂಗದ ಎರಡನೆಯ ವರ್ಷದಲ್ಲಿದ್ದೆ. ಆರಂಭದಿಂದ ಅಂತ್ಯದವರೆಗೆ ನಾನೇ ಮಾಡಿದ ಪೊರೆ ಶಸ್ತ್ರಚಿಕಿತ್ಸೆಗಳು ಇನ್ನೂ ಹತ್ತನ್ನು ಮುಟ್ಟಿರಲಿಲ್ಲ. ಒಂದು ದಿನ ವಾರ್ಡಿಗೆ ನಮ್ಮೂರಿನ ಕಡೆಯ ಒಬ್ಬ ಅಜ್ಜಿ ಬಂದರು. ಹರೆಯದಲ್ಲಿ ಜೋಳ ಕೊಯ್ಯುವಾಗ ರವದಿ ಬಡಿದು, ಹುಣ್ಣಾಗಿ, ಬಲಗಣ್ಣು ಎಂದೋ ಹೋಗಿತ್ತು. ಉಳಿದ ಎಡಗಣ್ಣಿನಲ್ಲಿ ಪೂರ್ತಿ ಬೆಳ್ಳಗಾದ, ಗಟ್ಟಿಯಾದ ಪೊರೆ. ಔಷಧ ಹಾಕಿದರೂ ಪಾಪೆ ಅಗಲವಾಗಿ ಹಿಗ್ಗುತ್ತಿರಲಿಲ್ಲ. ನಾನು ಮುಶಿಗೇರಿಯವನೆಂದು ತಿಳಿದಾಗ ಅವರಿಗಾದ ಸಮಾಧಾನ ಅಷ್ಟಿಷ್ಟಲ್ಲ. ‘ನಮ್ಮೂರ ಹುಡುಗ ಅದಾನಂದ್ರ ನನಗ ಯಾತರ ಅಂಜಿಕಿ? ನೀನ ಮಾಡೋ ತಮ್ಮಾ’ ಎಂದರು. ಎಷ್ಟು ಮಂದಿಗೆ ಮಾಡಿದ್ದೀ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನೇ.

ಅಂದಿನ ಪಟ್ಟಿಯಲ್ಲಿ ಹೆಸರುಗಳಿದ್ದವು, ಯಾವ ಕಣ್ಣು ಎಂದಿತ್ತು. ಆ ಕಣ್ಣು ಎಷ್ಟು ಕಠಿಣ ಎಂದು ಬರೆಯಲು ಅದರಲ್ಲಿ ಅಂಕಣವೇ ಇರಲಿಲ್ಲ. ಸರದಿಯ ಪ್ರಕಾರ ಆ ಹೆಸರು ನನ್ನ ಮೇಜಿಗೆ ಬಂತು. ಹಿರಿಯ ವೈದ್ಯರು ಪಕ್ಕದ ಕೋಣೆಯಲ್ಲಿ ಬೇರೊಂದು ಶಸ್ತ್ರಚಿಕಿತ್ಸೆಯಲ್ಲಿ ತೊಡಗಿದ್ದರು. ಗಟ್ಟಿ ತಿರುಳನ್ನು ಹೊರತೆಗೆಯುವಾಗ ಮಸೂರದ ಚೀಲದ ಹಿಂಗೋಡೆ ಹರಿಯಿತು, ಕಣ್ಣಿನೊಳಗಿನ ಲೋಳೆ ಗಾಯದ ಬಾಯಿಗೆ ಬಂತು. ಹಿರಿಯರು ಕೈಗವಸು ಬದಲಿಸಿಕೊಂಡು ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಕೃತಕ ಮಸೂರ ಕೂರಿಸಲಾಗಲಿಲ್ಲ. ಕೆಲವು ತಿಂಗಳಲ್ಲಿ ಅಕ್ಷಿಪಟಲ ಕಳಚಿ, ಅಜ್ಜಿಗೆ ಬೆಳಕಿನ ಛಾಯೆಯಷ್ಟೇ ಉಳಿಯಿತು. ಊರಿಗೆ ಹೋದಾಗ ತಪ್ಪೊಪ್ಪಿಕೊಳ್ಳುವ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಬಾಯಿ ತೆರೆಯುವ ಮೊದಲೇ ಅವರೆಂದರು: ‘ನಿನ್ನ ಕೈಗುಣ ಚಲೋನ ಐತಿ. ನನ್ನ ಹಣೇಬರಾನ ಸುಮಾರೈತಿ.’

ಅದು ಹಣೆಬರಹವಾಗಿರಲಿಲ್ಲ. ನಾನು ಕಲಿಯುವವನಾಗಿದ್ದುದು ತಪ್ಪಲ್ಲ; ಎಲ್ಲ ವೈದ್ಯರೂ ಒಂದು ಕಾಲಕ್ಕೆ ಕಲಿಯುವವರೇ. ಚೀಲ ಹರಿಯುವುದು ನುರಿತವರ ಕೈಯಲ್ಲೂ ಆಗುವುದುಂಟು. ತಪ್ಪಿದ್ದುದು ಹಂಚಿಕೆಯಲ್ಲಿ. ಅಂದಿನ ಪಟ್ಟಿಯಲ್ಲಿ ಅತ್ಯಂತ ಕಠಿಣವಾದ ಕಣ್ಣು, ಅದೂ ಒಬ್ಬಳಿಗೆ ಉಳಿದಿದ್ದ ಒಂದೇ ಕಣ್ಣು, ಅತ್ಯಂತ ಹೊಸ ಕೈಗೆ ಬಂದಿತ್ತು. ಹಾಗೆ ಬಾರದಂತೆ ತಡೆಯಲು ಹಣ ಬೇಕಿರಲಿಲ್ಲ, ಹೊಸ ಯಂತ್ರ ಬೇಕಿರಲಿಲ್ಲ. ಹಿಂದಿನ ಸಂಜೆ ಯಾರಾದರೂ ಹತ್ತು ನಿಮಿಷ ಕುಳಿತು ಪಟ್ಟಿಯನ್ನು ವಿಂಗಡಿಸಿದ್ದರೆ ಸಾಕಿತ್ತು.

ಓದುಗರಿಗೆ ಈ ಶಸ್ತ್ರಚಿಕಿತ್ಸೆಯ ಸೂಕ್ಷ್ಮವನ್ನು ಸ್ವಲ್ಪ ವಿವರಿಸಬೇಕು. ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಪದರವಲ್ಲ; ಪಾಪೆಯ ಹಿಂದಿರುವ ಸಹಜ ಮಸೂರವೇ ಮಂಜಾಗುವುದು. ಆ ಮಸೂರ ಒಂದು ಚೀಲದಲ್ಲಿದೆ. ಚೀಲದ ಹಿಂಗೋಡೆಯ ದಪ್ಪ ಕೆಲವೇ ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ಚೀಲದ ಮುಂಬದಿಯನ್ನು ದುಂಡಗೆ ಬಿಡಿಸಿ, ಒಳಗಿನ ಮಂಜಾದ ತಿರುಳನ್ನು ತೆಗೆದು, ಹಿಂಗೋಡೆಗೆ ಗಾಸಿಯಾಗದಂತೆ ಕೃತಕ ಮಸೂರವನ್ನು ಅದೇ ಚೀಲದಲ್ಲಿ ಇಡಬೇಕು. ಮೆತ್ತಗಿನ ಪೊರೆ, ಅಗಲವಾಗಿ ತೆರೆದ ಪಾಪೆ ಇದ್ದಲ್ಲಿ ಇದು ನಿಯಮಬದ್ಧವಾದ, ಕಲಿಯಬಹುದಾದ ಕೆಲಸ. ಪೂರ್ತಿ ಬೆಳ್ಳಗಾದ ಕಣ್ಣಿನಲ್ಲಿ ಹಿಂದಿನಿಂದ ಬರಬೇಕಾದ ಕೆಂಬೆಳಕು ಬರುವುದಿಲ್ಲ. ಬಣ್ಣ ಹಚ್ಚದಿದ್ದರೆ ಚೀಲದ ಅಂಚು ಕಾಣುವುದಿಲ್ಲ. ಕಂದುಗಟ್ಟಿದ ಪೊರೆಯ ತಿರುಳು ಕಲ್ಲಿನಂತಿರುತ್ತದೆ. ಕೆಲವರಲ್ಲಿ ಚೀಲವನ್ನು ಹಿಡಿದ ಎಳೆಗಳು ಸಡಿಲಾಗಿ ಮಸೂರವೇ ಅಲುಗುತ್ತಿರುತ್ತದೆ. ಇವನ್ನೇ ನಾವು ಕಠಿಣ ಕಣ್ಣು ಎನ್ನುವುದು.

ಯಾವ ಕಣ್ಣು ಕಠಿಣ ಎಂಬುದನ್ನು ಮೊದಲೇ ಹೇಳಬಹುದೆ? ಹೇಳಬಹುದು. ಬ್ರಿಟನ್ನಿನಲ್ಲಿ 55,567 ಪೊರೆ ಶಸ್ತ್ರಚಿಕಿತ್ಸೆಗಳ ದಾಖಲೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಚೀಲದ ಹಿಂಗೋಡೆ ಹರಿಯುವಂಥ ತೊಡಕು ಕಂಡದ್ದು ಒಟ್ಟಾರೆ ನೂರಕ್ಕೆ ಎರಡರಷ್ಟು ಮಂದಿಯಲ್ಲಿ. ಆದರೆ ಈ ಅಪಾಯ ಎಲ್ಲರಿಗೂ ಸಮನಾಗಿ ಹಂಚಿಹೋಗಿರಲಿಲ್ಲ. ಇಳಿವಯಸ್ಸು, ಸಣ್ಣ ಪಾಪೆ, ಬೆಳ್ಳಗಿನ ಅಥವಾ ಕಂದು ಪೊರೆ, ಗ್ಲಾಕೋಮಾ, ಮಧುಮೇಹದಿಂದ ಕೆಟ್ಟ ಅಕ್ಷಿಪಟಲ, ಅಲುಗುವ ಮಸೂರ, ಪ್ರಾಸ್ಟೇಟ್ ತೊಂದರೆಗೆ ಕೊಡುವ ಡಾಕ್ಸಜೋಸಿನ್ ಮಾತ್ರೆಯ ಸೇವನೆ, ಅಂಗಾತ ಮಲಗಲಾರದ ಸ್ಥಿತಿ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತಿದ್ದವು. ಇದೇ ಯಾದಿಯಲ್ಲಿ ಇನ್ನೊಂದು ಅಂಶವೂ ಇತ್ತು: ಶಸ್ತ್ರಚಿಕಿತ್ಸೆ ಮಾಡುವವರು ತರಬೇತಿಯಲ್ಲಿರುವುದು. ಒಂದರ ಮೇಲೊಂದು ಅಂಶ ಸೇರಿದಂತೆ ಅಪಾಯ ಗುಣಿಸುತ್ತ ಹೋಗುತ್ತದೆ. ನಮ್ಮೂರ ಅಜ್ಜಿಯ ಕಣ್ಣಿನಲ್ಲಿ ಇವುಗಳಲ್ಲಿ ನಾಲ್ಕು ಒಟ್ಟಿಗೆ ಸೇರಿದ್ದವು, ನಾಲ್ಕನೆಯದು ನಾನು.

ನಗರದ ಓದುಗರಿಗೆ ಇದು ತಮ್ಮ ಅನುಭವಕ್ಕೆ ದೂರವೆನಿಸಬಹುದು. ಬೆಂಗಳೂರಿನಲ್ಲಿ ವಾಹನ ಚಲಾಯಿಸುವಾಗ ಎದುರಿನ ದೀಪ ಚೆದುರಿ ಕಂಡರೆ ಸಾಕು, ವೈದ್ಯರಲ್ಲಿಗೆ ಹೋಗುತ್ತೇವೆ. ಪೊರೆ ಇನ್ನೂ ಮೆತ್ತಗಿರುವಾಗಲೇ, ನಾವೇ ಆರಿಸಿಕೊಂಡ ನುರಿತ ತಜ್ಞರು ಅದನ್ನು ತೆಗೆಯುತ್ತಾರೆ. ಮುಶಿಗೇರಿಯಂಥ ಊರಿನ ಕೂಲಿಕಾರ್ಮಿಕರಿಗೆ ಹುಬ್ಬಳ್ಳಿಗೋ ಗದಗಿಗೋ ಹೋಗುವುದೆಂದರೆ ತಮ್ಮ ಮತ್ತು ಜೊತೆಗೆ ಬರುವ ಮಗನ ದಿನಗೂಲಿ ಎರಡೂ ಹೋದಂತೆ. ಸುಗ್ಗಿ ಮುಗಿಯಲಿ, ಮಗಳ ಮದುವೆಯಾಗಲಿ ಎಂದು ಮುಂದೂಡುತ್ತ, ಕೊನೆಗೆ ಕಣ್ಣು ಪೂರ್ತಿ ಮುಚ್ಚಿದ ಮೇಲೆ ಬರುತ್ತಾರೆ. ಬರುವುದು ಉಚಿತ ಚಿಕಿತ್ಸೆ ಸಿಗುವಲ್ಲಿಗೆ. ಉಚಿತ ಚಿಕಿತ್ಸೆ ಸಿಗುವ ದೊಡ್ಡ ಆಸ್ಪತ್ರೆಗಳಲ್ಲಿ ಬಹಳಷ್ಟು ವೈದ್ಯರನ್ನು ತರಬೇತುಗೊಳಿಸುವಂಥವು. ಹೀಗೆ ಯಾರೂ ಬೇಕೆಂದು ಯೋಜಿಸದೆಯೇ ಸುಲಭದ ಕಣ್ಣು ನುರಿತ ಕೈಗೆ, ಕಠಿಣ ಕಣ್ಣು ಹೊಸ ಕೈಗೆ ಎಂಬ ವ್ಯವಸ್ಥೆ ತಾನೇ ತಾನಾಗಿ ರೂಪುಗೊಳ್ಳುತ್ತದೆ. ಇದರ ಹಿಂದೆ ದುರುದ್ದೇಶವಿಲ್ಲ. ಆದ್ದರಿಂದಲೇ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಕ್ಕೊಂದು ಇತಿಹಾಸವಿದೆ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ದೃಷ್ಟಿ ಮರಳಿಸಿದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆಗಳನ್ನು ನಡೆಸಿ ಗಿನ್ನೆಸ್ ದಾಖಲೆ ಸೇರಿದವರು ಅವರು. ಆ ಕಾಲದಲ್ಲಿ ಚೀಲಸಮೇತ ಮಸೂರವನ್ನು ಹೊರತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದರು. ಪೊರೆ ಹಣ್ಣಾಗಲೆಂದು ಕಾಯಲು ಹೇಳುತ್ತಿದ್ದವರು ಆಗ ವೈದ್ಯರೇ. ಜನ ಅದನ್ನು ನಂಬಿ ಉಳಿಸಿಕೊಂಡರು. ಶಸ್ತ್ರಚಿಕಿತ್ಸೆಯ ವಿಧಾನ ಬದಲಾಗಿ ದಶಕಗಳಾದವು, ಇಂದು ಕಾಯುವುದರಿಂದ ಹಾನಿಯೇ ಹೊರತು ಲಾಭವಿಲ್ಲ. ಆದರೂ ಹಳ್ಳಿಯ ಕಿವಿಗೆ ಆ ಹಳೆಯ ಮಾತೇ ಗಟ್ಟಿಯಾಗಿ ಕೇಳುತ್ತಿದೆ. ನಾವು ಹೇಳಿಕೊಟ್ಟ ಪಾಠವನ್ನು ನಾವೇ ಹಿಂತೆಗೆದುಕೊಳ್ಳುವ ಕೆಲಸ ಬಾಕಿಯಿದೆ.

ಕಣ್ಣಿನ ಶಸ್ತ್ರಚಿಕಿತ್ಸೆಯ ಅವಘಡಗಳು ಸುದ್ದಿಯಾಗುವುದು ಸಾಮೂಹಿಕವಾಗಿ ನಡೆದಾಗ. ಉತ್ತರ ಪ್ರದೇಶದ ಖುರ್ಜಾದಲ್ಲಿ 1986ರಲ್ಲಿ ನಡೆದ ಶಿಬಿರದಲ್ಲಿ ಪೊರೆ ತೆಗೆಸಿಕೊಂಡ 88 ಮಂದಿಯಲ್ಲಿ 84 ಮಂದಿಯ ಕಣ್ಣಿಗೆ ಶಾಶ್ವತ ಹಾನಿಯಾಗಿ, ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಬೆಂಗಳೂರಿನ ಮಿಂಟೊ ಆಸ್ಪತ್ರೆಯಲ್ಲಿ 2019ರ ಜುಲೈನಲ್ಲಿ ಹಲವರು ದೃಷ್ಟಿ ಕಳೆದುಕೊಂಡಾಗ ನಾಡೇ ಬೆಚ್ಚಿತು. ಈ ಎರಡು ಪ್ರಕರಣಗಳಲ್ಲೂ ಶಂಕೆ ಬಿದ್ದದ್ದು ಬಳಸಿದ ದ್ರಾವಣ, ಔಷಧಗಳ ಮೇಲೆ. ವೈದ್ಯರ ಕೈಚಳಕದ ಮೇಲಲ್ಲ. ಆದರೆ ಮೇಜಿನ ಮೇಲೆ ಒಂದೊಂದಾಗಿ, ಬೇರೆ ಬೇರೆ ದಿನ, ಬೇರೆ ಬೇರೆ ಊರಿನವರು ಕಳೆದುಕೊಳ್ಳುವ ಕಣ್ಣುಗಳಿಗೆ ವರದಿಗಾರರಿಲ್ಲ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆ ಐವತ್ತು ದಾಟಿದವರಲ್ಲಿನ ಅಂಧತ್ವಕ್ಕೆ ಕಾರಣಗಳನ್ನು ಎಣಿಸಿತು. ಶೇ 66.2ರಷ್ಟು ಚಿಕಿತ್ಸೆ ಪಡೆಯದ ಪೊರೆಯಿಂದ. ಶೇ 7.2ರಷ್ಟು ಪೊರೆ ಶಸ್ತ್ರಚಿಕಿತ್ಸೆಯ ತೊಡಕುಗಳಿಂದ. ಗ್ಲಾಕೋಮಾದ ಪಾಲು ಇದಕ್ಕಿಂತ ಕಡಿಮೆ, ಶೇ 5.5. ಕಣ್ಣು ಕೊಡಲು ಹೊರಟ ಚಿಕಿತ್ಸೆಯೇ ಅಂಧತ್ವದ ಮುಖ್ಯ ಕಾರಣಗಳ ಯಾದಿಯಲ್ಲಿ ಸ್ಥಾನ ಪಡೆದಿದೆ. ಈ ತೊಡಕುಗಳಿಗೆಲ್ಲ ತರಬೇತಿಯಲ್ಲಿರುವವರೇ ಹೊಣೆ ಎಂದು ನಾನು ಹೇಳುತ್ತಿಲ್ಲ. ಆದರೆ ತಪ್ಪಿಸಬಹುದಾದ ಪಾಲೊಂದು ಅದರಲ್ಲಿ ಇದೆಯೆಂಬುದನ್ನು ನನ್ನ ವೃತ್ತಿಯವರು ಅಲ್ಲಗಳೆಯಲಾರರು.

ಹಾಗಾದರೆ ಕಲಿಯುವವರು ಕಣ್ಣು ಮುಟ್ಟಲೇಬಾರದೆ? ಹೀಗೆ ಕೇಳುವುದು ಸುಲಭ, ಆದರೆ ಆ ದಾರಿ ಇನ್ನೂ ಕ್ರೂರವಾದುದು. ಇಂದು ಹುಬ್ಬಳ್ಳಿಯಲ್ಲಿಯೋ ಗದಗಿನಲ್ಲಿಯೋ ಕಲಿಯುತ್ತಿರುವ ತರುಣಿ ನಾಳೆ ರೋಣದ ಆಸ್ಪತ್ರೆಗೆ ಒಬ್ಬಳೇ ವೈದ್ಯೆಯಾಗಿ ಬರಬಹುದು. ಅಲ್ಲಿ ಅವಳ ಮುಂದೆ ಬಂದು ಕೂರುವುದು ಇದೇ ಬೆಳ್ಳನೆಯ, ಕಂದನೆಯ ಕಣ್ಣುಗಳು. ಪಕ್ಕದ ಕೋಣೆಯಲ್ಲಿ ಕರೆದರೆ ಬರುವ ಹಿರಿಯರು ಅಲ್ಲಿರುವುದಿಲ್ಲ. ತರಬೇತಿಯ ಕಾಲದಲ್ಲಿ ಒಂದೂ ಕಠಿಣ ಕಣ್ಣನ್ನು ನಿಭಾಯಿಸದೆ ಪದವಿ ಪಡೆದರೆ, ಅವಳ ಮೊದಲ ತಪ್ಪುಗಳೆಲ್ಲ ನಮ್ಮೂರಿನವರ ಮೇಲೆಯೇ ಆಗುತ್ತವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕೆಂಬ ನಿಯಮ 2020ರಲ್ಲಿ ಬಂದ ಮೇಲಂತೂ ಈ ಪ್ರಶ್ನೆ ವೈದ್ಯಕೀಯ ಕಾಲೇಜುಗಳ ಗೋಡೆ ದಾಟಿ ಜಿಲ್ಲೆಗಳಿಗೂ ಬಂದಿದೆ. ಕಠಿಣ ಕಣ್ಣನ್ನು ಕಲಿಯಲೇಬೇಕು. ಯಾವಾಗ, ಯಾರ ಎದುರಿನಲ್ಲಿ, ಯಾವ ಸಿದ್ಧತೆಯ ನಂತರ ಎಂಬುದಷ್ಟೇ ಪ್ರಶ್ನೆ.

ಉತ್ತರದ ಮೊದಲ ಭಾಗ ಮನುಷ್ಯರ ಕಣ್ಣಿನ ಹೊರಗೇ ಇದೆ. ಕಸಾಯಿಖಾನೆಯಿಂದ ತಂದ ಆಡಿನ ಕಣ್ಣಿನ ಮೇಲೆ ಗಾಯ ತೆರೆಯುವುದು, ಹೊಲಿಗೆ ಹಾಕುವುದು, ಮಸೂರ ತೆಗೆಯುವುದು ಎಲ್ಲವನ್ನೂ ಮತ್ತೆ ಮತ್ತೆ ಅಭ್ಯಾಸ ಮಾಡಬಹುದು. ಇದಕ್ಕೆ ಬೇಕಾದುದು ಒಂದು ಹಳೆಯ ಸೂಕ್ಷ್ಮದರ್ಶಕ ಮತ್ತು ಒಂದು ಕೋಣೆ. ಅದರಾಚೆಗೆ ಕಂಪ್ಯೂಟರ್ ಆಧಾರಿತ ಕೃತಕ ಕಣ್ಣುಗಳಿವೆ. ಬ್ರಿಟನ್ನಿನಲ್ಲಿ ಇಂಥ ಯಂತ್ರಗಳು ಬಂದ ಅವಧಿಯಲ್ಲಿ, 2009ರಿಂದ 2015ರ ನಡುವೆ, ಮೊದಲೆರಡು ವರ್ಷದ ಕಲಿಕೆಯವರ ಕೈಯಲ್ಲಿ ಚೀಲ ಹರಿಯುವ ಪ್ರಮಾಣ ಶೇ 4.2ರಿಂದ ಶೇ 2.6ಕ್ಕೆ ಇಳಿಯಿತು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ, ಅಗ್ಗದ, ಗಟ್ಟಿ ಪೊರೆಗೆ ಒಗ್ಗುವ ಸಣ್ಣ ಗಾಯದ ಶಸ್ತ್ರಚಿಕಿತ್ಸೆಗೂ ಇದು ಅನ್ವಯಿಸುತ್ತದೆ. ಆಫ್ರಿಕದ ದೇಶಗಳ ಕಲಿಕೆಯ ವೈದ್ಯರನ್ನು ಎರಡು ಗುಂಪು ಮಾಡಿ ನಡೆಸಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೃತಕ ಕಣ್ಣಿನ ಮೇಲೆ ತೀವ್ರ ಅಭ್ಯಾಸ ಮಾಡಿದ ಗುಂಪಿನಲ್ಲಿ ಈ ತೊಡಕು ಇನ್ನೊಂದು ಗುಂಪಿಗಿಂತ ಬಹಳ ಕಡಿಮೆಯಿತ್ತು. ಪ್ರತಿ ಕಾಲೇಜಿಗೂ ದುಬಾರಿ ಯಂತ್ರ ಬೇಕಿಲ್ಲ. ಉತ್ತರ ಕರ್ನಾಟಕಕ್ಕೆ ಹುಬ್ಬಳ್ಳಿಯಲ್ಲಿ ಒಂದು ಹಂಚಿಕೆಯ ಕೇಂದ್ರವಿದ್ದರೂ ಆದೀತು.

ಎರಡನೆಯದು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವುದು. ಈಜು ಕಲಿಸುವವರು ಮಗುವನ್ನು ನೇರವಾಗಿ ಬಾವಿಯ ನಡುವೆ ಎಸೆಯುವುದಿಲ್ಲ, ಸೊಂಟಕ್ಕೆ ಬೆಂಡು ಕಟ್ಟುತ್ತಾರೆ. ಒಂದು ಕಣ್ಣಿನ ಇಡೀ ಶಸ್ತ್ರಚಿಕಿತ್ಸೆಯನ್ನು ಒಬ್ಬರಿಗೇ ಬಿಟ್ಟುಕೊಡುವ ಬದಲು, ಇಪ್ಪತ್ತು ಕಣ್ಣುಗಳಲ್ಲಿ ಒಂದೇ ಹಂತವನ್ನು ಅವರಿಂದ ಮಾಡಿಸಿ, ಉಳಿದುದನ್ನು ಹಿರಿಯರು ಪೂರೈಸಬೇಕು. ಎಲ್ಲ ಹಂತಗಳೂ ಕೈಗೂಡಿದ ಮೇಲೆ ಸುಲಭದ ಕಣ್ಣು ಪೂರ್ತಿಯಾಗಿ. ಕಠಿಣ ಕಣ್ಣು ಎಲ್ಲಕ್ಕಿಂತ ಕೊನೆಗೆ, ಹಿರಿಯರು ಪಕ್ಕದ ಕೋಣೆಯಲ್ಲಲ್ಲ, ಪಕ್ಕದ ಪೀಠದಲ್ಲಿ ಕೈತೊಳೆದು ಕುಳಿತಿರುವಾಗ. ಇನ್ನೊಂದೇ ಕಣ್ಣು ಉಳಿದವರ ಶಸ್ತ್ರಚಿಕಿತ್ಸೆಯನ್ನು ಮಾತ್ರ ನುರಿತವರೇ ಮಾಡಬೇಕು. ಇದಕ್ಕೆ ವಿನಾಯಿತಿ ಇರಕೂಡದು.

ಮೂರನೆಯದು ವಿಂಗಡಣೆ. ಒಂದೇ ಪುಟದ ಹಾಳೆ ಸಾಕು. ಪೊರೆಯ ಬಣ್ಣ, ಪಾಪೆಯ ಅಗಲ, ಮಸೂರ ಅಲುಗುತ್ತಿದೆಯೆ, ಇನ್ನೊಂದು ಕಣ್ಣಿನ ಸ್ಥಿತಿ, ಮಧುಮೇಹ, ಸೇವಿಸುತ್ತಿರುವ ಮಾತ್ರೆ, ಅಂಗಾತ ಮಲಗಬಲ್ಲರೆ, ಇಷ್ಟಕ್ಕೆ ಗುರುತು ಹಾಕಿ ಅಂಕ ಕೂಡಿಸಬೇಕು. ಕೆಳಗೆ ಯಾರು ಶಸ್ತ್ರಚಿಕಿತ್ಸೆ ಮಾಡಬೇಕೆಂದು ಹಿರಿಯರು ಬರೆದು ಸಹಿ ಮಾಡಬೇಕು. ಸಹಿ ಇದ್ದಲ್ಲಿ ಹೊಣೆ ಇರುತ್ತದೆ. ಹೀಗೆ ವಿಂಗಡಿಸುವ ಶ್ರದ್ಧಾವಂತ ಗುರುಗಳು ನಮ್ಮಲ್ಲಿ ಇಲ್ಲವೆಂದಲ್ಲ. ಅವರ ಕೈಕೆಳಗೆ ಕಲಿತವರೂ, ಅವರ ಮೇಜಿಗೆ ಬಂದ ರೋಗಿಗಳೂ ಭಾಗ್ಯವಂತರು. ಆದರೆ ರೋಗಿಯ ಕಣ್ಣು ಗುರುವಿನ ಶ್ರದ್ಧೆಯ ಮೇಲೆ ನಿಲ್ಲಬಾರದು, ನಿಯಮದ ಮೇಲೆ ನಿಲ್ಲಬೇಕು.

ನಾಲ್ಕನೆಯದು ಹೇಳುವುದು. ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಒಪ್ಪಿಗೆ ನಿಜವಾದ ಒಪ್ಪಿಗೆ ಆಗಬೇಕಾದರೆ ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಪರ್ಯಾಯ, ಗಣನೀಯ ಅಪಾಯಗಳನ್ನು ರೋಗಿಗೆ ಸಾಕಷ್ಟು ತಿಳಿಸಿರಬೇಕು ಎಂದಿತು. ಯಾರ ಕೈ ಕಣ್ಣಿನೊಳಗೆ ಹೋಗಲಿದೆ ಎಂಬುದೂ ಆ ತಿಳಿವಳಿಕೆಯ ಭಾಗವಾಗಬೇಕೆಂಬುದು ನನ್ನ ವಾದ. ‘ಇವರು ಕಲಿಯುತ್ತಿರುವ ವೈದ್ಯರು, ನಾನು ಪಕ್ಕದಲ್ಲೇ ಇರುತ್ತೇನೆ’ ಎಂದು ರೋಗಿಯ ಭಾಷೆಯಲ್ಲಿ ಹೇಳಲು ಅರ್ಧ ನಿಮಿಷ ಸಾಕು. ಹೇಳಿದರೆ ಯಾರೂ ಒಪ್ಪುವುದಿಲ್ಲ ಎಂಬ ಭಯ ನನ್ನ ಸಹೋದ್ಯೋಗಿಗಳಲ್ಲಿದೆ. ಅಧ್ಯಾಪಕನಾಗಿ ನಾನು ಹಾಗೆ ಹೇಳಲು ಆರಂಭಿಸಿದ ಮೇಲೆ ಬೇಡವೆಂದವರು ವಿರಳ. ‘ಕಲೀಲಿ ಬಿಡ್ರಿ, ನೀವು ಇರತೀರಲ್ಲ’ ಎಂದವರೇ ಹೆಚ್ಚು. ಬಡವರ ಔದಾರ್ಯ ದೊಡ್ಡದು. ಅದನ್ನು ಕೇಳಿ ಪಡೆಯಬೇಕು, ಕೇಳದೆ ಬಳಸಿಕೊಳ್ಳಬಾರದು.

ಐದನೆಯದು ಫಲಿತಾಂಶದ ಲೆಕ್ಕ. ಕಲಿಯುವವರ ದಿನಚರಿ ಪುಸ್ತಕದಲ್ಲಿ ಮಾಡಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಇರುತ್ತದೆ. ಆರು ವಾರದ ನಂತರ ಆ ಕಣ್ಣಿಗೆ ಎಷ್ಟು ಕಾಣುತ್ತದೆ ಎಂಬುದೂ ಅದರಲ್ಲಿರಬೇಕು. ಹಳ್ಳಿಯವರು ಮತ್ತೆ ಬರುವುದಿಲ್ಲ ಎಂಬ ನೆಪ ನಿಜವೇ. ಬಸ್ಸಿನ ಖರ್ಚು, ಕೂಲಿಯ ನಷ್ಟ ಅವರನ್ನು ತಡೆಯುತ್ತವೆ. ಹಾಗಿದ್ದರೆ ಆಶಾ ಕಾರ್ಯಕರ್ತೆಯರ, ನೇತ್ರ ಸಹಾಯಕರ ಮೂಲಕ ಆಸ್ಪತ್ರೆಯೇ ಅವರನ್ನು ತಲುಪಬೇಕು. ತನ್ನ ಕೆಲಸದ ಫಲವನ್ನು ಕಾಣದ ಶಸ್ತ್ರವೈದ್ಯ ತಪ್ಪನ್ನೇ ಅಭ್ಯಾಸ ಮಾಡಿಕೊಳ್ಳುತ್ತಾನೆ. ನಾನು ಊರಿಗೆ ಹೋಗದಿದ್ದರೆ, ಆ ಅಜ್ಜಿ ನನ್ನ ಪುಸ್ತಕದಲ್ಲಿ ಒಂದು ಸಂಖ್ಯೆಯಾಗಿಯೇ ಉಳಿಯುತ್ತಿದ್ದರು.

ಓದುಗರಲ್ಲಿ ಎರಡು ಮಾತು. ನಿಮ್ಮ ಮನೆಗೆಲಸಕ್ಕೆ ಬರುವವರ, ಊರಿನಲ್ಲಿರುವ ಸಂಬಂಧಿಕರ ಕಣ್ಣು ಮಂಜಾಗಿದ್ದರೆ ಹಣ್ಣಾಗುವವರೆಗೆ ಕಾಯಗೊಡಬೇಡಿ. ಬೇಗ ತೆಗೆದ ಪೊರೆ ಯಾರ ಕೈಗೂ ಸುಲಭ. ಕಠಿಣ ಕಣ್ಣುಗಳ ಸಂಖ್ಯೆಯನ್ನು ಇಳಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಅವರ ಜೊತೆ ಆಸ್ಪತ್ರೆಗೆ ಹೋದಾಗ, ಶಸ್ತ್ರಚಿಕಿತ್ಸೆ ಯಾರು ಮಾಡುತ್ತಾರೆ, ಈ ಕಣ್ಣಿನಲ್ಲಿ ವಿಶೇಷ ತೊಂದರೆ ಇದೆಯೆ, ಹಿರಿಯರು ಜೊತೆಗಿರುತ್ತಾರೆಯೆ ಎಂದು ವಿನಯದಿಂದ ಕೇಳಿ. ನಮಗಾಗಿ ಕೇಳುವುದು ನಮಗೆ ಗೊತ್ತು, ಅವರಿಗಾಗಿ ಕೇಳುವುದನ್ನು ರೂಢಿಸಿಕೊಳ್ಳಬೇಕು.

ಆ ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು. ಮುಂದೆ ನಾನು ಸಾವಿರಾರು ಕಣ್ಣುಗಳ ಪೊರೆ ತೆಗೆದೆ. ಅವುಗಳಲ್ಲಿ ಎಷ್ಟೋ ಅವರದಕ್ಕಿಂತ ಕಠಿಣವಾಗಿದ್ದವು, ಚೆನ್ನಾಗಿಯೂ ಆದವು. ಆ ಕೌಶಲದ ಆರಂಭದ ಶುಲ್ಕವನ್ನು ತೆತ್ತವರಲ್ಲಿ ಅವರೂ ಒಬ್ಬರು. ಅವರಿಗೆ ಆಯ್ಕೆ ಇರಲಿಲ್ಲ, ರಸೀದಿಯೂ ಸಿಗಲಿಲ್ಲ. ನಾಳೆ ಮುಶಿಗೇರಿಯಿಂದ ಬಸ್ಸು ಹತ್ತಿ ಬರುವವರ ಹೆಸರಿನ ಮುಂದೆ ಆ ಒಂದು ಅಂಕಣವನ್ನು ಸೇರಿಸುವುದು ನಮ್ಮಿಂದ ಆಗಬೇಕಾದ ಕೆಲಸ. ಅದನ್ನು ಮಾಡದೆ ಹಣೆಬರಹವನ್ನು ದೂರುವ ಹಕ್ಕು ರೋಗಿಗೆ ಇರಬಹುದು, ವೈದ್ಯರಿಗಿಲ್ಲ.